ಅಮೆರಿಕದಲ್ಲಿ ಪಿಎ ಬರೆಯುವ ಔಷಧಿ ಚೀಟಿ, ಅದರ ಹಿಂದಿನ ರಾಜ್ಯ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೆಕ್ಸಸ್‌ನ ಒಂದು ಕ್ಲಿನಿಕ್‌ನಲ್ಲಿ ಪಿಎ ಆಗಿ ಕೆಲಸ ಮಾಡುತ್ತೇನೆ. ಅದಕ್ಕೂ ಮುಂಚೆ ಅರಿಜೋನಾದಲ್ಲಿದ್ದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಸಾಕು, ಎಲೆಗೆ ಒಬ್ಬಟ್ಟು ಬೀಳುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಕೂರುತ್ತಾರೆ. "ನಮ್ಮ ಅತ್ತೆಗೆ ಡಾಕ್ಟರ್ ಸಿಗಲೇ ಇಲ್ಲ, ಪಿಎ ನೋಡಿ ಕಳಿಸಿದರು, ಪರವಾಗಿಲ್ಲವಾ?" ಅಂತ ಕೇಳುತ್ತಾರೆ. ಇಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಕಾನೂನುಗಳು ಆಗಾಗ ಬದಲಾಗುತ್ತವೆ. ನಿಮ್ಮ ರಾಜ್ಯದ ಈಗಿನ ನಿಯಮ ಬೇಕಿದ್ದರೆ ಅಲ್ಲಿನ ಲೈಸೆನ್ಸ್ ಬೋರ್ಡಿನ ವೆಬ್‌ಸೈಟನ್ನು ಒಮ್ಮೆ ನೋಡಿಬಿಡಿ.

ಪಿಎ ಅಂದರೆ ಯಾರು? ಯಾರ ಪಿಎ?

ಊರಲ್ಲಿ ಪಿಎ ಅಂದರೆ ಮಂತ್ರಿಗಳ ಪಿಎ, ಸಾಹೇಬರ ಪಿಎ ಅಂತಲೇ ಎಲ್ಲರ ತಲೆಗೆ ಬರುವುದು. ನಮ್ಮಮ್ಮ ಪಕ್ಕದ ಮನೆಯವರಿಗೆ ಹೇಳಿದಾಗಲೂ ಅವರು ಕೇಳಿದ್ದು ಇದನ್ನೇ. ಇಲ್ಲಿ ಪಿಎ ಅಂದರೆ ಫಿಸಿಶಿಯನ್ ಅಸಿಸ್ಟೆಂಟ್. ರೋಗಿಯನ್ನು ಪರೀಕ್ಷೆ ಮಾಡುತ್ತಾರೆ, ರಕ್ತ ಪರೀಕ್ಷೆ, ಎಕ್ಸ್‌ರೇ ಬರೆಯುತ್ತಾರೆ, ಕಾಯಿಲೆ ಏನು ಅಂತ ಗುರುತಿಸುತ್ತಾರೆ, ಔಷಧಿ ಬರೆದುಕೊಡುತ್ತಾರೆ, ಆಪರೇಷನ್ ಥಿಯೇಟರಲ್ಲಿ ಸರ್ಜನ್‌ಗೆ ಕೈಜೋಡಿಸುತ್ತಾರೆ.

1965ರಲ್ಲಿ ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಇದನ್ನು ಶುರು ಮಾಡಿದರು. ಆಗ ಡಾಕ್ಟರುಗಳು ಸಾಲುತ್ತಿರಲಿಲ್ಲ. ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದ್ದ ಹುಡುಗರು ಕೆಲಸ ಬಿಟ್ಟು ಊರಿಗೆ ಬಂದರೆ, ಅವರ ಕೈಗುಣಕ್ಕೆ ಹೊರಗಡೆ ಕೆಲಸವೇ ಇರಲಿಲ್ಲ. ಅಂಥವರನ್ನೇ ಸೇರಿಸಿಕೊಂಡು ಕಲಿಸಿದರು. 1967ರ ಅಕ್ಟೋಬರ್ 6ಕ್ಕೆ ಮೂವರು ಓದು ಮುಗಿಸಿ ಹೊರಬಂದರು.

ಹೆಸರಿನ ಬಗ್ಗೆಯೂ ಒಂದು ಮಾತು. 2021ರಲ್ಲಿ ನಮ್ಮ ರಾಷ್ಟ್ರೀಯ ಸಂಘ "ಫಿಸಿಶಿಯನ್ ಅಸೋಸಿಯೇಟ್" ಅನ್ನುವ ಹೆಸರನ್ನು ಒಪ್ಪಿಕೊಂಡಿತು. ಆದರೆ ಲೈಸೆನ್ಸ್ ಮೇಲೆ ಯಾವ ಹೆಸರು ಇರಬೇಕು ಅನ್ನುವುದು ರಾಜ್ಯದ ಕೈಲಿದೆ. 2024ರಲ್ಲಿ ಒರೆಗಾನ್ ಎಲ್ಲಕ್ಕಿಂತ ಮೊದಲು ಕಾನೂನಲ್ಲೇ ಹೆಸರು ಬದಲಾಯಿಸಿತು.

ಒಂದೇ ದೇಶ, ಒಂದೇ ಪರೀಕ್ಷೆ. ಕಾನೂನು ಮಾತ್ರ ರಾಜ್ಯಕ್ಕೊಂದು ಯಾಕೆ?

ಪರೀಕ್ಷೆ ಇಡೀ ದೇಶಕ್ಕೆ ಒಂದೇ, ಅದು ನಿಜ. ಪ್ಯಾನ್ಸ್ ಅಂತ ಅದರ ಹೆಸರು. 300 ಪ್ರಶ್ನೆ, ಅರವತ್ತರಂತೆ ಐದು ಕಂತು. ಅದನ್ನು ಪಾಸು ಮಾಡದೆ ಹೊಸಬರಿಗೆ ಎಲ್ಲೂ ಪೂರ್ಣ ಲೈಸೆನ್ಸ್ ಸಿಗುವುದಿಲ್ಲ. ಆದರೆ ವೈದ್ಯ ವೃತ್ತಿಗೆ ಲೈಸೆನ್ಸ್ ಕೊಡುವುದು ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕೆಲಸವಲ್ಲ, ರಾಜ್ಯಗಳದ್ದು. ಹಾಗಾಗಿ ಐವತ್ತು ಶಾಸನಸಭೆಗಳು ಐವತ್ತು ಥರ ಬರೆದಿವೆ. ಮಿಸಿಸಿಪ್ಪಿ ಪಿಎಗಳಿಗೆ ಲೈಸೆನ್ಸ್ ಕೊಡಲು ಒಪ್ಪಿದ್ದೇ 2000ದಲ್ಲಿ. ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಇಂಡಿಯಾನಾದಲ್ಲಿ ಔಷಧಿ ಬರೆಯುವ ಹಕ್ಕು ಬಂದಿದ್ದು 2007ರಲ್ಲಿ.

ಕೇಂದ್ರ ಸರ್ಕಾರದ ಆಸ್ಪತ್ರೆಗಳ ಲೆಕ್ಕ ಬೇರೆ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಸಾಕು.

ಮೇಲ್ವಿಚಾರಣೆ ಅಂದರೆ ಡಾಕ್ಟರು ಪಕ್ಕದಲ್ಲೇ ನಿಂತಿರಬೇಕಾ?

ಬೇಡ. ತುಂಬ ಜನ ತಪ್ಪು ತಿಳಿಯುವುದು ಇಲ್ಲೇ. ಬಹುತೇಕ ರಾಜ್ಯಗಳಲ್ಲಿ ಡಾಕ್ಟರು ಅದೇ ಕಟ್ಟಡದಲ್ಲಿ ಇರಬೇಕು ಅಂತಿಲ್ಲ. ಬೇಕಾದಾಗ ಫೋನಿಗೆ ಸಿಗಬೇಕು, ಅಷ್ಟೇ. ನೀವು ಕ್ಲಿನಿಕ್‌ಗೆ ಹೋದ ದಿನ ಡಾಕ್ಟರ ಮುಖವೇ ಕಾಣಲಿಲ್ಲ ಅಂದರೆ ಯಾರೂ ಕಾನೂನು ಮುರಿದರು ಅಂತ ಅರ್ಥವಲ್ಲ.

ಪದಗಳಲ್ಲೂ ವ್ಯತ್ಯಾಸ ಇದೆ. ಕೆಲವು ರಾಜ್ಯಗಳ ಕಾನೂನು "ಸೂಪರ್‌ವಿಷನ್" ಅನ್ನುತ್ತದೆ. ಕೆಲವು "ಕೊಲಾಬರೇಷನ್" ಅನ್ನುತ್ತವೆ, ಅಂದರೆ ಜೊತೆಗೂಡಿ ಮಾಡುವುದು. ಮಿಷಿಗನ್ 2017ರಿಂದ ಸೂಪರ್‌ವಿಷನ್ ಅನ್ನುವ ಪದವನ್ನೇ ತೆಗೆದು, ಡಾಕ್ಟರು ಮತ್ತು ಪಿಎ ನಡುವೆ ಒಂದು ಪ್ರಾಕ್ಟೀಸ್ ಒಪ್ಪಂದ ಇದ್ದರೆ ಸಾಕು ಅಂದಿತು. ಕ್ಯಾಲಿಫೋರ್ನಿಯಾ 2020ರಿಂದ ಅಂಥದ್ದೇ ಪ್ರಾಕ್ಟೀಸ್ ಒಪ್ಪಂದಕ್ಕೆ ಬಂತು, ಸೂಪರ್‌ವಿಷನ್ ಅನ್ನುವ ಪದವನ್ನು ಮಾತ್ರ ಉಳಿಸಿಕೊಂಡಿತು. ಪದ ಬದಲಾದರೆ ಏನು ಮಹಾ ಅನ್ನಬೇಡಿ. ಏನಾದರೂ ತಪ್ಪಾದಾಗ ಹೊಣೆ ಯಾರದು ಅನ್ನುವುದು ಆ ಒಂದು ಪದದ ಮೇಲೆ ನಿಂತಿರುತ್ತದೆ. ತನ್ನ ಕಣ್ಣಿಗೇ ಬೀಳದ ರೋಗಿಗೆ ತಾನು ಜವಾಬ್ದಾರ ಅಂತ ಹೆದರಿ ಎಷ್ಟೋ ಡಾಕ್ಟರುಗಳು ಪಿಎ ಬೇಡ, ನರ್ಸ್ ಪ್ರಾಕ್ಟಿಷನರ್ (ಹೆಚ್ಚಿನ ಓದು ಮುಗಿಸಿ, ರೋಗಿಗಳನ್ನು ನೋಡಿ ಔಷಧಿ ಬರೆಯುವ ನರ್ಸ್) ಇರಲಿ ಅನ್ನುತ್ತಾರೆ. ಕೆಲಸದ ಸಂದರ್ಶನದಲ್ಲಿ ಈ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಆ ಒಪ್ಪಂದದ ಕಾಗದದಲ್ಲಿ ಏನು ಬರೆದಿರುತ್ತದೆ?

ಟೆಕ್ಸಸ್ ಬಗ್ಗೆ ಹೇಳುತ್ತೇನೆ, ದಿನಾ ನೋಡುವ ಕಾಗದ ಅದು. 2013ರ ಕಾನೂನಿನಿಂದ ಬಂದ ಈ ಪತ್ರಕ್ಕೆ ಪ್ರಿಸ್ಕ್ರಿಪ್ಟಿವ್ ಅಥಾರಿಟಿ ಅಗ್ರಿಮೆಂಟ್ ಅಂತ ಹೆಸರು. ಔಷಧಿ ಬರೆಯುವ ಹಕ್ಕನ್ನು ಡಾಕ್ಟರು ನನಗೆ ವಹಿಸಿಕೊಡುವ ಪತ್ರ. ನನ್ನದು ನಮ್ಮ ಮ್ಯಾನೇಜರ್ ಕೋಣೆಯ ಬೀರುವಿನಲ್ಲಿ ನೀಲಿ ಫೈಲಿನಲ್ಲಿದೆ. ನಮ್ಮಿಬ್ಬರ ಹೆಸರು, ವಿಳಾಸ, ಲೈಸೆನ್ಸ್ ನಂಬರ್. ಯಾವ ಯಾವ ಜಾಗದಲ್ಲಿ ಕೆಲಸ. ಯಾವ ಬಗೆಯ ಔಷಧಿ ಬರೆಯಬಹುದು, ಯಾವುದನ್ನು ಬರೆಯಬಾರದು. ಸಲಹೆ ಬೇಕಾದರೆ ಹೇಗೆ ಕೇಳಬೇಕು, ತುರ್ತು ಬಂದರೆ ಏನು ಮಾಡಬೇಕು, ಡಾಕ್ಟರು ರಜೆಯಲ್ಲಿದ್ದರೆ ಅವರ ಬದಲಿಗೆ ಯಾರು. ಕೊನೆಯಲ್ಲಿ ಇಬ್ಬರ ಸಹಿ ಮತ್ತು ತಾರೀಖು.

ವರ್ಷಕ್ಕೊಮ್ಮೆ ಇದನ್ನು ತೆಗೆದು ಓದಿ ಮತ್ತೆ ಸಹಿ ಹಾಕಬೇಕು. ಕನಿಷ್ಠ ತಿಂಗಳಿಗೊಂದು ಸಲ ಇಬ್ಬರೂ ಕೂತು ಮಾತಾಡಬೇಕು. ನಾನು ನೋಡಿದ ಕೆಲವು ರೋಗಿಗಳ ಚಾರ್ಟನ್ನು, ಅಂದರೆ ಚಿಕಿತ್ಸೆಯ ದಾಖಲೆಯನ್ನು, ಡಾಕ್ಟರು ತಿರುವಿ ಹಾಕಬೇಕು. ಎಷ್ಟು ಚಾರ್ಟು ಅನ್ನುವುದನ್ನು ನಾವಿಬ್ಬರೇ ತೀರ್ಮಾನ ಮಾಡಿಕೊಳ್ಳಬಹುದು. ಒಪ್ಪಂದ ಮುರಿದುಬಿದ್ದ ಮೇಲೂ ಎರಡು ವರ್ಷ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ತಿಂಗಳ ಮಾತುಕತೆ ಸುಮ್ನೆ ಶಾಸ್ತ್ರಕ್ಕೆ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಿಲ್ಲ. ಒಂದು ಸಲ ನಾನು ಬರೀ ಆಸಿಡಿಟಿ ಅಂತ ಬರೆದಿದ್ದ ಚಾರ್ಟನ್ನು ನಮ್ಮ ಡಾಕ್ಟರು ಎರಡು ಸಲ ಓದಿ, "ಇವರನ್ನು ನಾಳೆಯೇ ವಾಪಸ್ ಕರೆಸಿ, ಇಸಿಜಿ ಮಾಡೋಣ" ಅಂದರು. ಕರೆಸಿದೆವು. ಒಳ್ಳೆಯದೇ ಆಯಿತು.

ಒಬ್ಬ ಡಾಕ್ಟರ ಕೈಕೆಳಗೆ ಎಷ್ಟು ಜನ ಪಿಎಗಳು ಇರಬಹುದು?

ಟೆಕ್ಸಸ್‌ನಲ್ಲಿ ಪಿಎಗಳು ಮತ್ತು ನರ್ಸ್ ಪ್ರಾಕ್ಟಿಷನರುಗಳು ಸೇರಿ ಪೂರ್ಣಾವಧಿಯ ಲೆಕ್ಕದಲ್ಲಿ ಏಳು ಜನ. ಆಸ್ಪತ್ರೆಗಳಿಗೆ, ವೈದ್ಯರ ಕೊರತೆ ಇರುವ ಜಾಗಗಳಿಗೆ ಈ ಮಿತಿ ಇಲ್ಲ. ಫ್ಲೋರಿಡಾದಲ್ಲಿ ನಾಲ್ಕು ಇತ್ತು, 2021ರಲ್ಲಿ ಹತ್ತಕ್ಕೆ ಏರಿಸಿದರು. ಕೆಲವು ರಾಜ್ಯಗಳಲ್ಲಿ ಲೆಕ್ಕವೇ ಇಲ್ಲ.

ಡಾಕ್ಟರ ಒಪ್ಪಂದ ಇಲ್ಲದೇ ಪಿಎ ಕೆಲಸ ಮಾಡಬಹುದಾದ ರಾಜ್ಯಗಳು ಇವೆಯಾ?

ಇವೆ, ಜಾಸ್ತಿಯೂ ಆಗುತ್ತಿವೆ. 2019ರಲ್ಲಿ ನಾರ್ತ್ ಡಕೋಟಾ ದಾರಿ ತೋರಿಸಿತು. ಅಲ್ಲಿ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವ ಪಿಎಗೆ ಒಬ್ಬ ಡಾಕ್ಟರ ಜೊತೆ ಬರಹದ ಒಪ್ಪಂದ ಇರಲೇಬೇಕು ಅನ್ನುವ ನಿಯಮ ಹೋಯಿತು. 2021ರಲ್ಲಿ ವ್ಯೋಮಿಂಗ್. ಅದೇ ವರ್ಷ ಯೂಟಾ. 2023ರಲ್ಲಿ ಮೊಂಟಾನಾ, ಅರಿಜೋನಾ.

ನನಗೆ ಹೆಚ್ಚು ಹಿಡಿಸಿದ್ದು ಯೂಟಾದ ದಾರಿ. ಅದು ಮೆಟ್ಟಿಲು ಮೆಟ್ಟಿಲಾಗಿದೆ. ಓದು ಮುಗಿಸಿ ಮೊದಲ 4,000 ಗಂಟೆ ಡಾಕ್ಟರ ಜೊತೆಗೂಡಿಯೇ ಕೆಲಸ. 4,000ದಿಂದ 10,000 ಗಂಟೆವರೆಗೆ ಡಾಕ್ಟರಾದರೂ ಸರಿ, ಅದೇ ವಿಭಾಗದಲ್ಲಿ 10,000 ಗಂಟೆ ದಾಟಿದ ಹಿರಿಯ ಪಿಎ ಆದರೂ ಸರಿ, ಅವರ ಜೊತೆಗೂಡಿ ಮಾಡಬೇಕು. ಅದಾದ ಮೇಲೆ ಒಪ್ಪಂದ ಬೇಕಿಲ್ಲ. 10,000 ಗಂಟೆ ಅಂದರೆ ಸುಮಾರು ಐದು ವರ್ಷದ ದುಡಿಮೆ. ಅರಿಜೋನಾ ಮತ್ತು ಮೊಂಟಾನಾದಲ್ಲಿ 8,000 ಗಂಟೆ. ಅರಿಜೋನಾದಲ್ಲಿ ಆ ಗಂಟೆಗಳು ಕಳೆದ ಐದು ವರ್ಷದೊಳಗಿನವು ಆಗಿರಬೇಕು.

ಇದಕ್ಕೆ ವಿರೋಧವೂ ಜೋರಾಗಿದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇಂಥ ಮಸೂದೆಗಳನ್ನು ಎದುರಿಸುತ್ತಲೇ ಬಂದಿದೆ. ಪಿಎ ಕೋರ್ಸು ಸಾಮಾನ್ಯವಾಗಿ 27 ತಿಂಗಳು, ಡಾಕ್ಟರು ಮೆಡಿಕಲ್ ಕಾಲೇಜು ಮುಗಿಸಿ ರೆಸಿಡೆನ್ಸಿಯನ್ನೂ (ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ತರಬೇತಿ) ಮಾಡಿರುತ್ತಾರೆ, ಎರಡೂ ಒಂದೇನಾ ಅಂತ ಅವರ ವಾದ. ಒಂದೇ ಅಂತ ನಾನು ಹೇಳುವುದಿಲ್ಲ. ನಿನ್ನೆ ಮೊನ್ನೆ ಪಾಸಾದ ಪಿಎ ಒಬ್ಬಂಟಿಯಾಗಿ ಕೂರಬಾರದು, ನಾನೂ ಮೊದಲ ವರ್ಷ ದಿನಕ್ಕೆ ಹತ್ತು ಸಲ ಡಾಕ್ಟರ ಬಾಗಿಲು ತಟ್ಟಿದ್ದೇನೆ. ಆದರೆ ಹದಿನೈದು ವರ್ಷ ಶುಗರ್, ಬಿಪಿ ನೋಡಿದವರನ್ನೂ ಹೊಸಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಯಾವ ನ್ಯಾಯ? ಗಂಟೆಗಳ ಲೆಕ್ಕ ಅದಕ್ಕೇ ಸರಿ ಅನ್ನಿಸುವುದು.

ಪಿಎ ಎಲ್ಲ ಔಷಧಿಗಳನ್ನೂ ಬರೆಯಬಹುದಾ?

ಬಿಪಿ ಮಾತ್ರೆ, ಶುಗರ್ ಮಾತ್ರೆ, ಆಂಟಿಬಯಾಟಿಕ್, ಥೈರಾಯ್ಡ್ ಮಾತ್ರೆ, ಇನ್ಸುಲಿನ್ ಇವಕ್ಕೆಲ್ಲ ತೊಂದರೆ ಇಲ್ಲ. ಎಲ್ಲ ರಾಜ್ಯಗಳಲ್ಲೂ ಬರೆಯಬಹುದು. ಜಗ್ಗಾಟ ಇರುವುದು ಚಟ ಹಿಡಿಸಬಲ್ಲ ಔಷಧಿಗಳ ವಿಚಾರದಲ್ಲಿ.

ಇವನ್ನು ಕೇಂದ್ರ ಸರ್ಕಾರ ಶೆಡ್ಯೂಲ್ ಅಂತ ವಿಂಗಡಿಸಿದೆ. ಒಂದನೇ ಶೆಡ್ಯೂಲಿನವನ್ನು ಯಾರೂ ಬರೆಯುವಂತಿಲ್ಲ. ಎರಡನೆಯದರಲ್ಲಿ ಆಕ್ಸಿಕೊಡೋನ್, ಫೆಂಟನಿಲ್, ಗಮನ ಕೂರದ ಮಕ್ಕಳಿಗೆ ಕೊಡುವ ಅಡೆರಾಲ್, ರಿಟಾಲಿನ್. ಮೂರನೆಯದರಲ್ಲಿ ಟೆಸ್ಟೋಸ್ಟಿರೋನ್, ಕೊಡೀನ್ ಬೆರೆಸಿದ ಟೈಲೆನಾಲ್ (ನಮ್ಮೂರಿನ ಪ್ಯಾರಸಿಟಮಾಲ್). ನಾಲ್ಕನೆಯದರಲ್ಲಿ ಅಲ್ಪ್ರಜೋಲಾಮ್, ಟ್ರಮಡಾಲ್, ನಿದ್ದೆಗೆ ಕೊಡುವ ಜೋಲ್ಪಿಡೆಮ್. ಐದರಲ್ಲಿ ಪ್ರೀಗ್ಯಾಬಲಿನ್ ಥರದವು. ನಂಬರ್ ಮೇಲೆ ಹೋದ ಹಾಗೆ ಕಟ್ಟುನಿಟ್ಟು ಕಡಿಮೆ.

ಫ್ಲೋರಿಡಾದಲ್ಲಿ ಪಿಎ ಎರಡನೇ ಶೆಡ್ಯೂಲಿನ ಔಷಧಿಯನ್ನು ಏಳು ದಿನಕ್ಕಷ್ಟೇ ಬರೆಯಬಹುದು. ಟೆಕ್ಸಸ್‌ನಲ್ಲಿ ಹೊರರೋಗಿಗಳ ಕ್ಲಿನಿಕ್‌ನಲ್ಲಿ ಬರೆಯುವಂತೆಯೇ ಇಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದರೆ, ಎಮರ್ಜೆನ್ಸಿಗೆ ಬಂದಿದ್ದರೆ, ಇಲ್ಲವೇ ಕೊನೆಗಾಲದ ಹಾಸ್ಪಿಸ್ ಆರೈಕೆಯಲ್ಲಿದ್ದರೆ ಮಾತ್ರ ಅವಕಾಶ. ಮೂರರಿಂದ ಐದನೇ ಶೆಡ್ಯೂಲಿನವು ರೀಫಿಲ್ (ಅದೇ ಚೀಟಿಯಲ್ಲಿ ಮತ್ತೆ ಕೊಳ್ಳುವುದು) ಸೇರಿ 90 ದಿನಕ್ಕೆ ಮೀರಬಾರದು. ಎರಡು ವರ್ಷದೊಳಗಿನ ಮಗುವಿಗೆ ಇಂಥ ಔಷಧಿ ಬರೆಯಬೇಕಾದರೆ ಮೊದಲು ಡಾಕ್ಟರನ್ನು ಕೇಳಬೇಕು, ಕೇಳಿದೆ ಅಂತ ಚಾರ್ಟಿನಲ್ಲಿ ಬರೆಯಬೇಕು. ಕೆಂಟಕಿಯಲ್ಲಂತೂ 2020ರವರೆಗೂ ಪಿಎ ಈ ಪಟ್ಟಿಯ ಒಂದೇ ಒಂದು ಮಾತ್ರೆಯನ್ನೂ ಬರೆಯುವಂತಿರಲಿಲ್ಲ. ಆ ವರ್ಷ ಮೂರರಿಂದ ಐದರವರೆಗೆ ಬಾಗಿಲು ತೆರೆಯಿತು.

ಪಕ್ಕದ ರಾಜ್ಯದಲ್ಲಿ ಪಿಎ ಬರೆದುಕೊಡುತ್ತಿದ್ದರು, ಇಲ್ಲಿ ಯಾಕೆ ಆಗಲ್ಲ ಅಂತಾರೆ?

ಈ ಪ್ರಶ್ನೆಯನ್ನು ನನಗೆ ಒಬ್ಬ ತಾಯಿ ನೇರವಾಗಿ ಕೇಳಿದ್ದಾರೆ. ಟೆಕ್ಸಸ್‌ಗೆ ಬಂದು ಮೂರನೇ ವಾರ. ಅವರೂ ಹೊಸದಾಗಿ ಬಂದವರು. ಮಗನಿಗೆ ಎರಡು ವರ್ಷದಿಂದ ಎಡಿಎಚ್‌ಡಿಗೆ, ಅಂದರೆ ಗಮನ ಕೂರದ ತೊಂದರೆಗೆ, ಎರಡನೇ ಶೆಡ್ಯೂಲಿನ ಮಾತ್ರೆ ನಡೆಯುತ್ತಿತ್ತು, ಹಿಂದಿನ ಊರಲ್ಲಿ ಬರೆಯುತ್ತಿದ್ದವರೂ ಪಿಎ. ಖಾಲಿಯಾಗುತ್ತ ಬಂದ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಇದೇ ಡೋಸ್ ಸಾಕು" ಅಂದರು. ಡಬ್ಬಿಯ ತಳದಲ್ಲಿ ಒಂದೇ ಮಾತ್ರೆ ಉಳಿದಿತ್ತು. ಅರಿಜೋನಾದಲ್ಲಿ ಇದೇ ಮಾತ್ರೆಯನ್ನು ನಾನು ಎಷ್ಟೋ ಮಕ್ಕಳಿಗೆ ಬರೆದಿದ್ದೆ. ಇಲ್ಲಿ ಆಗುವುದಿಲ್ಲ ಅಂತ ಹೇಳಬೇಕಾಯಿತು. ಆ ದಿನ ನಮ್ಮ ಡಾಕ್ಟರು ಬೇರೆ ಕ್ಲಿನಿಕ್‌ನಲ್ಲಿದ್ದರು. ಫೋನ್ ಮಾಡಿ, ಹುಡುಗನ ಕಥೆಯೆಲ್ಲ ಹೇಳಿ, ಅವರು ಚಾರ್ಟ್ ನೋಡಿ ವಿಡಿಯೊದಲ್ಲಿ ಮಾತಾಡಿ ತಾವೇ ಬರೆದು ಕಳಿಸುವಷ್ಟರಲ್ಲಿ ಸಂಜೆಯಾಯಿತು. ಮಾರನೇ ದಿನ ಹುಡುಗನಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತಂತೆ.

ನಾನು ಓದಿದ್ದು ಮರೆತಿರಲಿಲ್ಲ. ರಾಜ್ಯದ ಗಡಿ ದಾಟಿದ್ದೆ, ಅಷ್ಟೇ. ಆದ್ದರಿಂದ ಊರು ಬದಲಾಯಿಸುವ ಮುಂಚೆ ಎರಡನೇ ಶೆಡ್ಯೂಲಿನ ಔಷಧಿ ತೆಗೆದುಕೊಳ್ಳುವವರು ಹೊಸ ಕ್ಲಿನಿಕ್‌ಗೆ ಫೋನ್ ಮಾಡಿ, "ಇದನ್ನು ಯಾರು ಬರೆಯುತ್ತಾರೆ?" ಅಂತ ಕೇಳಿಕೊಂಡುಬಿಡಿ. ಅಪಾಯಿಂಟ್‌ಮೆಂಟನ್ನು ಡಾಕ್ಟರ ಜೊತೆಗೇ ತೆಗೆದುಕೊಳ್ಳಿ.

ಡಿಇಎ ನಂಬರ್ ಇದ್ದರೆ ಸಾಲದಾ?

ಸಾಲದು. ಶೆಡ್ಯೂಲ್ ಔಷಧಿ ಬರೆಯಲು ಡಿಇಎ (ಇಂಥ ಔಷಧಿಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಬೇಕು. ಮೂರು ವರ್ಷಕ್ಕೆ 888 ಡಾಲರ್ ಶುಲ್ಕ. ಆದರೆ ರಾಜ್ಯ ಎಷ್ಟು ಹಕ್ಕು ಕೊಟ್ಟಿದೆಯೋ ಅಷ್ಟಕ್ಕೇ ಡಿಇಎ ಮುದ್ರೆ ಒತ್ತುತ್ತದೆ. ಎರಡು ರಾಜ್ಯದಲ್ಲಿ ಬರೆಯುವುದಾದರೆ ಎರಡು ನೋಂದಣಿ. ಪಿಎಗಳ ನಂಬರ್ "ಎಂ" ಅಕ್ಷರದಿಂದ ಶುರುವಾಗುತ್ತದೆ, ಫಾರ್ಮಸಿಯವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. 2023ರ ಜೂನ್ 27ರಿಂದ ನೋಂದಣಿಗೆ ಅಥವಾ ನವೀಕರಣಕ್ಕೆ ವ್ಯಸನದ ಚಿಕಿತ್ಸೆ ಬಗ್ಗೆ ಒಂದು ಸಲ 8 ಗಂಟೆ ತರಬೇತಿಯೂ ಆಗಿರಬೇಕು.

ಅಫೀಮಿನ ಚಟ ಬಿಡಿಸುವ ಬ್ಯುಪ್ರೆನಾರ್ಫಿನ್‌ಗೆ ಮುಂಚೆ ಬೇರೆಯೇ ಅನುಮತಿ ಬೇಕಿತ್ತು. ಪಿಎಗಳಿಗೆ ಅದು ಸಿಕ್ಕಿದ್ದು 2016ರ ಕೇಂದ್ರ ಕಾನೂನಿನಿಂದ. 2022ರ ಕೊನೆಯ ಕಾನೂನು ಆ ಪ್ರತ್ಯೇಕ ಅನುಮತಿಯನ್ನೇ ತೆಗೆದುಹಾಕಿತು. ಈಗ ರಾಜ್ಯ ಒಪ್ಪಿದರೆ ಸಾಕು.

ಮೇಲ್ವಿಚಾರಣೆಯ ಡಾಕ್ಟರು ಕೆಲಸ ಬಿಟ್ಟರೆ, ತೀರಿಕೊಂಡರೆ ಏನಾಗುತ್ತದೆ?

ಒಪ್ಪಂದ ಕಡ್ಡಾಯ ಇರುವ ರಾಜ್ಯದಲ್ಲಿ, ಬದಲಿ ಡಾಕ್ಟರ ಹೆಸರು ಇಲ್ಲದಿದ್ದರೆ, ಪಿಎ ಕೈ ಕಟ್ಟಿ ಕೂರಬೇಕು. ಇದು ನನ್ನ ಕಣ್ಣಮುಂದೆಯೇ ನಡೆದಿದೆ. ಹಿಂದೆ ನಾನಿದ್ದ ಒಂದು ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಡಾಕ್ಟರಿಗೆ ಇದ್ದಕ್ಕಿದ್ದಂತೆ ಪಾರ್ಶ್ವವಾಯು ಬಡಿಯಿತು. ಬದಲಿ ಡಾಕ್ಟರ ಕಾಗದ ಸರಿಯಾಗಿ ಆಗಿರಲಿಲ್ಲ. ಹನ್ನೊಂದು ದಿನ ಕ್ಲಿನಿಕ್ ಬಾಗಿಲು ಹಾಕಿತ್ತು. ನಾನು ಫೋನಿನ ಪಕ್ಕ ಕೂತು, ಬಿಪಿ ಮಾತ್ರೆ ಮುಗಿದವರಿಗೆಲ್ಲ ದೂರದ ಇನ್ನೊಂದು ಕ್ಲಿನಿಕ್‌ನ ದಾರಿ ಹೇಳುತ್ತಿದ್ದೆ. ಎಷ್ಟೋ ಜನರಿಗೆ ಕಾರು ಓಡಿಸುವ ಶಕ್ತಿಯೂ ಇರಲಿಲ್ಲ. ಅವರ ಮಾತ್ರೆ ಹೆಸರು, ಡೋಸ್ ನನಗೆ ಬಾಯಿಪಾಠ. ಬರೆಯುವ ಹಕ್ಕು ಮಾತ್ರ ಇರಲಿಲ್ಲ. ಕಾನೂನು ಬದಲಾಗಬೇಕು ಅಂತ ನನಗೆ ಮನಸ್ಸಿಗೆ ನಾಟಿದ್ದು ಆ ಹನ್ನೊಂದು ದಿನಗಳಲ್ಲಿ.

2020ರಲ್ಲಿ ಕೋವಿಡ್ ಬಂದಾಗ ನ್ಯೂಯಾರ್ಕ್, ಮಿಷಿಗನ್ ಗವರ್ನರುಗಳು ಆದೇಶ ಹೊರಡಿಸಿ ಈ ಕಟ್ಟನ್ನು ತಾತ್ಕಾಲಿಕವಾಗಿ ಸಡಿಲಿಸಿದರು.

ನರ್ಸ್ ಪ್ರಾಕ್ಟಿಷನರ್‌ಗೂ ಪಿಎಗೂ ಏನು ವ್ಯತ್ಯಾಸ?

ನಿಮ್ಮ ಮುಂದೆ ಕೂತಾಗ ಹೆಚ್ಚೇನೂ ಕಾಣುವುದಿಲ್ಲ. ಅವರು ನರ್ಸಿಂಗ್ ಓದಿನಿಂದ ಬಂದವರು, ನಾವು ಮೆಡಿಕಲ್ ಮಾದರಿಯ ಓದಿನಿಂದ. ಅವರಿಗೆ ಅರ್ಧಕ್ಕೂ ಹೆಚ್ಚು ರಾಜ್ಯಗಳು ಡಾಕ್ಟರ ಒಪ್ಪಂದವಿಲ್ಲದೆ ಕೆಲಸ ಮಾಡಲು ಬಿಟ್ಟಿವೆ. ನಮ್ಮದು ಆ ದಾರಿಯಲ್ಲಿ ಹಿಂದಿದೆ.

ಮೆಡಿಕೇರ್ ಇರುವವರಿಗೆ ಪಿಎ ನೋಡಿದರೆ ಹಣದಲ್ಲಿ ವ್ಯತ್ಯಾಸ ಆಗುತ್ತಾ?

ಪಿಎ ಸೇವೆಗೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಇರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ) ಡಾಕ್ಟರ ದರದ ಶೇಕಡ 85ರಷ್ಟು ಕೊಡುತ್ತದೆ. 2022ರ ಜನವರಿಯಿಂದ ಪಿಎಗಳಿಗೆ ನೇರವಾಗಿ ಹಣ ಪಡೆಯುವ ಅವಕಾಶವೂ ಇದೆ. ಮುಂಚೆ ಕೆಲಸ ಕೊಟ್ಟವರ ಮೂಲಕವೇ ಬರಬೇಕಿತ್ತು.

ವಿಡಿಯೊದಲ್ಲಿ ನೋಡಿದರೆ ಯಾವ ರಾಜ್ಯದ ಕಾನೂನು?

ರೋಗಿ ಕೂತಿರುವ ರಾಜ್ಯದ್ದು. ನೀವು ಮಗಳ ಮನೆಗೆ ಅಂತ ಇನ್ನೊಂದು ರಾಜ್ಯಕ್ಕೆ ಹೋಗಿದ್ದರೆ ನಿಮ್ಮ ಪಿಎ ನಿಮ್ಮನ್ನು ವಿಡಿಯೊದಲ್ಲಿ ನೋಡಲು ಸಾಮಾನ್ಯವಾಗಿ ಆಗುವುದಿಲ್ಲ. ಇದನ್ನು ಸರಿಮಾಡಲು ಪಿಎ ಕಾಂಪ್ಯಾಕ್ಟ್ ಅನ್ನುವ ರಾಜ್ಯಗಳ ಒಡಂಬಡಿಕೆ ಬಂದಿದೆ. 2023ರಲ್ಲಿ ಯೂಟಾ ಮೊದಲು ಸೇರಿತು. ಏಳು ರಾಜ್ಯ ಸೇರಿದರೆ ಜಾರಿ ಅಂತಿತ್ತು, 2024ರಲ್ಲಿ ಏಳಾಯಿತು. ಆದರೆ ಒಡಂಬಡಿಕೆಯಲ್ಲಿ ಹೋದವರೂ ಆಯಾ ರಾಜ್ಯದ ನಿಯಮಕ್ಕೇ ತಲೆಬಾಗಬೇಕು.

ನಾನು ಬೆಂಗಳೂರಲ್ಲಿ ಎಂಬಿಬಿಎಸ್ ಮಾಡಿದ್ದೇನೆ. ಇಲ್ಲಿ ನೇರವಾಗಿ ಪಿಎ ಆಗಬಹುದಾ?

ಆಗುವುದಿಲ್ಲ. ತುಂಬ ಜನ ಅಕ್ಕ, ತಂಗಿಯರು, ಗಂಡನ ಕೆಲಸಕ್ಕಾಗಿ ಬಂದು ಮನೆಯಲ್ಲಿ ಕೂತ ಡಾಕ್ಟರುಗಳು, ಇದನ್ನು ಆಸೆಯಿಂದ ಕೇಳುತ್ತಾರೆ. ಹೇಳಲು ಸಂಕಟವಾಗುತ್ತದೆ. ಪ್ಯಾನ್ಸ್ ಪರೀಕ್ಷೆಗೆ ಕೂರಬೇಕಾದರೆ ಅಮೆರಿಕದ ಮಾನ್ಯತೆ ಇರುವ ಪಿಎ ಕೋರ್ಸನ್ನೇ ಮುಗಿಸಿರಬೇಕು. ಎಂಬಿಬಿಎಸ್‌ಗೆ ವಿನಾಯಿತಿ ಇಲ್ಲ. ಪಿಎ ಕೋರ್ಸು ಸೇರಿ ಎರಡೂಕಾಲು ವರ್ಷ ಓದುವುದೋ, ಡಾಕ್ಟರುಗಳ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಪ್ರಯತ್ನ ಪಡುವುದೋ, ಎರಡನ್ನೂ ತೂಗಿ ನೋಡಿ.

ಇಲ್ಲಿಯ ಪಿಎ ಕರ್ನಾಟಕಕ್ಕೆ ವಾಪಸ್ ಹೋದರೆ ಔಷಧಿ ಬರೆಯಬಹುದಾ?

ಸ್ವಂತವಾಗಿ ಬರೆಯುವಂತಿಲ್ಲ. ಭಾರತದಲ್ಲೂ ಪಿಎ ಕೋರ್ಸು ಇದೆ, 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಶುರುವಾಯಿತು. 2021ರ ಕೇಂದ್ರ ಕಾನೂನು ಸಹಾಯಕ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಈ ಹೆಸರನ್ನೂ ಸೇರಿಸಿದೆ. ಆದರೆ ಚೀಟಿ ಬೇಕಾದ ಔಷಧಿಯನ್ನು ನೋಂದಾಯಿತ ವೈದ್ಯರೇ ಬರೆಯಬೇಕು.

ಪಿಎ ಬೇಡ, ಡಾಕ್ಟರೇ ನೋಡಲಿ ಅಂತ ಕೇಳಬಹುದಾ?

ಧಾರಾಳವಾಗಿ ಕೇಳಿ. ನಮಗೆ ಬೇಜಾರಿಲ್ಲ. ಕಾಯುವುದು ಜಾಸ್ತಿ ಆಗಬಹುದು, ಅಷ್ಟೇ.

ಊರಿಂದ ಅಪ್ಪ, ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. ಅವರ ಮಾತ್ರೆ ಮುಗಿದರೆ ಪಿಎ ಬರೆದುಕೊಡುತ್ತಾರಾ?

ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆ ಆದರೆ ಸಲೀಸು. ಊರಿನ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣಕ್ಷರದಲ್ಲಿ ಇರುವ ಔಷಧಿಯ ಮೂಲ ಹೆಸರು, ಮಿಲಿಗ್ರಾಂ ಬರೆಸಿಕೊಂಡು ಬನ್ನಿ. ಖಾಲಿ ಪಟ್ಟಿಯನ್ನೇ ತಂದರೂ ಆಯಿತು.

ಎಚ್ಚರ ಬೇಕಾದದ್ದು ರಾತ್ರಿ ನಿದ್ದೆಗೆ ಅಂತ ನಮ್ಮ ಎಷ್ಟೋ ಹಿರಿಯರು ವರ್ಷಗಟ್ಟಲೆ ತೆಗೆದುಕೊಳ್ಳುವ ಅಲ್ಪ್ರಜೋಲಾಮ್, ಕ್ಲೊನಜೆಪಾಮ್, ಮಂಡಿನೋವಿಗೆ ಅಂತ ತೆಗೆದುಕೊಳ್ಳುವ ಟ್ರಮಡಾಲ್ ವಿಚಾರದಲ್ಲಿ. ಅವರಿಗೆ ಅದು "ಅರ್ಧ ಮಾತ್ರೆ" ಅಷ್ಟೇ. ಇಲ್ಲಿ ಮೂರೂ ನಾಲ್ಕನೇ ಶೆಡ್ಯೂಲ್. ಟೆಕ್ಸಸ್‌ನಲ್ಲಿ ನಾನು ಮೊದಲು, ಇಂಥ ಔಷಧಿ ಯಾರಿಗೆ ಎಷ್ಟು ಕೊಟ್ಟಿದ್ದಾರೆ ಅನ್ನುವ ರಾಜ್ಯದ ದಾಖಲೆಯಲ್ಲಿ, ಅವರ ಹೆಸರು ಹುಡುಕಿ ನೋಡಬೇಕು, ಬರೆದರೂ ಒಟ್ಟು 90 ದಿನಕ್ಕೆ ಮೀರಬಾರದು, ಕಾಗದದ ಚೀಟಿ ನಡೆಯುವುದಿಲ್ಲ, ಕಂಪ್ಯೂಟರಿನಲ್ಲೇ ಫಾರ್ಮಸಿಗೆ ಹೋಗಬೇಕು. ಬೇರೆ ರಾಜ್ಯದಲ್ಲಿ ನಿಯಮ ಬೇರೆ ಇರಬಹುದು. ಮಾತ್ರೆ ಮುಗಿಯಿತು ಅಂತ ಥಟ್ಟನೆ ನಿಲ್ಲಿಸಿದರೆ ಅಲ್ಪ್ರಜೋಲಾಮ್, ಕ್ಲೊನಜೆಪಾಮ್‌ನಂಥವು ಫಿಟ್ಸ್ ಕೂಡ ತರಬಹುದು. ಆದ್ದರಿಂದ ಕೊನೆಯ ಪಟ್ಟಿ ಕೈಗೆ ಬರುವವರೆಗೆ ಕಾಯಬೇಡಿ. ಅವರು ಬಂದಿಳಿದ ಮೊದಲ ತಿಂಗಳಲ್ಲೇ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಊರಿನ ಡಾಕ್ಟರ ಚೀಟಿಯನ್ನೂ ಜೊತೆಗೆ ತನ್ನಿ.